ಮೂಳೆಯ ಪ್ರಶ್ನೆ ಹೊತ್ತು ಕೊರಿಯಾಕ್ಕೆ

ಹೊರಡುವ ಮೊದಲು

ಒಂದೇ ಒಂದು ಪ್ರಶ್ನೆ ಕೇಳಿಕೊಂಡು ಬರಲು ನಾವಿಬ್ಬರು ಹೆಂಗಸರು ದಕ್ಷಿಣ ಕೊರಿಯಾದವರೆಗೆ ಹೋಗಿ ಬಂದೆವು. ಬಾಡೂಟದ ಮೂಳೆಯನ್ನು ಏನು ಮಾಡಬೇಕು ಎಂಬುದೇ ಆ ಪ್ರಶ್ನೆ.

ಓದುವವರಿಗೆ ನಗು ಬರಬಹುದು. ನಮ್ಮೂರಿನಲ್ಲಿ ಯಾರೂ ನಗುವ ಸ್ಥಿತಿಯಲ್ಲಿರಲಿಲ್ಲ. ಕಿರುಗಾವಲಿನಿಂದ ಮಳವಳ್ಳಿಗೆ ಬರುವ ದಾರಿಯಲ್ಲಿ ನಮ್ಮೂರಿದೆ. ಊರಾಚೆ, ನಾಲೆಯ ಏರಿಯ ಕೆಳಗೆ, ಪಂಚಾಯಿತಿಯ ಕಸದ ಘಟಕ. ತಗಡಿನ ಸೂರು, ಗೊಬ್ಬರದ ನಾಲ್ಕು ತೊಟ್ಟಿ, ಒಂದು ಆಟೋ. ಆ ಆಟೋ ಓಡಿಸಿ ಮನೆಮನೆಯ ಕಸ ತರುವವಳು ಸಾವಿತ್ರಿ. ಅದಕ್ಕೆ ಮೊದಲು ಅವಳು ಗೆಜ್ಜಲಗೆರೆಯ ಒಂದು ಕಾರ್ಖಾನೆಗೆ ಹೋಗುತ್ತಿದ್ದಳು. ಬೆಳಕು ಹರಿಯುವ ಮೊದಲೇ ಬಸ್ಸು ಹಿಡಿಯಬೇಕಿತ್ತು, ಹಾಸಿಗೆ ಹಿಡಿದ ಅತ್ತೆ ಮಧ್ಯಾಹ್ನದವರೆಗೆ ಒದ್ದೆಯಲ್ಲೇ ಮಲಗಿರಬೇಕಿತ್ತು. ಘಟಕ ಬಂದ ಮೇಲೆ ಅವಳು ಹತ್ತು ಗಂಟೆಗೆ ಮನೆಗೆ ಹೋಗಿ ಅತ್ತೆಯ ಮಗ್ಗುಲು ಬದಲಿಸಿ ಬರುತ್ತಾಳೆ.

ನಾನು ಮಂಡ್ಯದ ಆಸ್ಪತ್ರೆಯಲ್ಲಿ ನರ್ಸಾಗಿ ಕೆಲಸ ಮಾಡಿ, ಮೇಲ್ವಿಚಾರಕಿಯಾಗಿ ನಿವೃತ್ತಳಾಗಿ ಊರು ಸೇರಿದವಳು. ಯಾವ ಬಣ್ಣದ ಬಕೆಟ್ಟಿಗೆ ಯಾವ ಕಸ ಎಂಬುದನ್ನು ವಾರ್ಡಿನಲ್ಲಿ ಹೇಳಿ ಹೇಳಿ ನನಗೆ ಅದು ಉಸಿರಾಟದಷ್ಟು ಸಹಜವಾಗಿದೆ. ಘಟಕ ಶುರುವಾದಾಗ ಪಂಚಾಯಿತಿಯವರು ಕೆಲಸದ ಕ್ರಮ ಹಾಕಿಕೊಡಿ ಎಂದರು. ಹಾಕಿಕೊಟ್ಟೆ. ಗೋಡೆಯ ಮೇಲಿರುವ ವೇಳಾಪಟ್ಟಿ ನನ್ನ ಕೈಬರಹ. ನಾಲ್ಕು ವರ್ಷ ಎಲ್ಲವೂ ಅದರಂತೆ ನಡೆಯಿತು, ಬೀಗರೂಟದ ದಿನಗಳನ್ನು ಬಿಟ್ಟು.

ನಮ್ಮ ಸೀಮೆಯಲ್ಲಿ ಮದುವೆಯಾದ ಮೇಲೆ ಬೀಗರೂಟ. ಮುದ್ದೆ, ಮಟನ್ನು, ಬೋಟಿ ಗೊಜ್ಜು, ನೂರಾರು ಜನ. ಉಂಡವರು ಎಲೆ ಮಡಚಿ ಏಳುತ್ತಾರೆ. ಮಡಚಿದ ಎಲೆಯೊಳಗೆ ಮೂಳೆ, ಪ್ಲಾಸ್ಟಿಕ್ ಲೋಟ, ಐಸ್‌ಕ್ರೀಮಿನ ಕಪ್ಪು, ಕೆಲವೊಮ್ಮೆ ನೀರಿನ ಬಾಟಲಿ. ಇದೆಲ್ಲ ಮೇಜಿನ ಮೇಲೆ ಹಾಸಿದ ಕಾಗದದ ಸಮೇತ ಸುರುಳಿಯಾಗಿ ಘಟಕಕ್ಕೆ ಬರುತ್ತದೆ. ಸಾವಿತ್ರಿ ಮತ್ತು ಇನ್ನಿಬ್ಬರು ಹೆಂಗಸರು ಬೇರ್ಪಡಿಸಿ ಮುಗಿಸುವುದರೊಳಗೆ ಎರಡು ದಿನ. ಅಷ್ಟರಲ್ಲಿ ವಾಸನೆ ಏಳುತ್ತದೆ, ನಾಯಿಗಳು ಸೇರುತ್ತವೆ. ಹೋದ ಬೇಸಿಗೆಯಲ್ಲಿ ಆ ನಾಯಿಗಳು ಪಕ್ಕದ ಹೊಲದ ಬೋರೇಗೌಡರ ಎರಡು ಕುರಿಗಳನ್ನು ಹರಿದು ಹಾಕಿದವು. ಗೌಡರು ಘಟಕ ಮುಚ್ಚಬೇಕೆಂದು ಅರ್ಜಿ ಕೊಟ್ಟರು.

‘ಸಿಸ್ಟ್ರಮ್ಮ, ಇದು ಆಸ್ಪತ್ರೆ ಅಲ್ಲ. ಸತ್ತೋದ್ ನನ್ ಕುರಿಗೆ ಸೂಜಿ ದಾರ ತಗಂಡು ನೀವು ಒಲಿಗೆ ಆಕಕ್ ಆಯ್ತದಾ? ಮುಚ್ಬುಡಿ, ಆಚೆ ಎಲ್ಲಾದ್ರೂ ಸುಡ್ಲಿ,’ ಎಂದರು ನನ್ನ ಮುಂದೆಯೇ.

ಅದೇ ಹೊತ್ತಿಗೆ, ಕಸದ ಕೆಲಸ ಮಾಡುವ ಹೆಂಗಸರಿಗಾಗಿ ಒಂದು ಸಂಸ್ಥೆ ಏರ್ಪಡಿಸಿದ್ದ ಎಂಟು ದಿನದ ಪ್ರವಾಸಕ್ಕೆ ಸಾವಿತ್ರಿಯ ಹೆಸರು ಬಂತು. ಇಂಗ್ಲಿಷ್ ಬರುವ ಜೊತೆಗಾತಿಯಾಗಿ ನಾನು. ನಾವು ಬಂದ ಮೇಲೆ ಗ್ರಾಮಸಭೆಯಲ್ಲಿ ಅರ್ಜಿಯ ತೀರ್ಮಾನ ಎಂದಾಯಿತು. ಘಟಕ ಮುಚ್ಚಿದರೆ ಸಾವಿತ್ರಿ ಮತ್ತೆ ಗೆಜ್ಜಲಗೆರೆಯ ಬಸ್ಸು ಹತ್ತಬೇಕು. ಇದು ಇಬ್ಬರಿಗೂ ಗೊತ್ತಿತ್ತು.

ವಿಮಾನದಲ್ಲಿ

ನಾನು ಎಲ್ಲಿಗೆ ಹೋದರೂ ಐದಕ್ಕೆ ಏಳುವವಳು. ವಿಮಾನದಲ್ಲಿ ಐದು ಗಂಟೆ ಯಾವಾಗ ಎಂಬುದೇ ತಿಳಿಯಲಿಲ್ಲ. ನನ್ನ ಗಡಿಯಾರ ಒಂದು ಹೇಳುತ್ತಿತ್ತು, ಎದುರಿನ ಪರದೆ ಇನ್ನೊಂದು. ಕೊನೆಗೆ ಊಟ ಕೊಟ್ಟಾಗ ಬೆಳಗಾಯಿತೆಂದು ತಿಳಿದುಕೊಂಡೆ.

ಊಟ ಮುಗಿಸಿದ ಸಾವಿತ್ರಿ ತಟ್ಟೆಯನ್ನು ಸರಿಪಡಿಸತೊಡಗಿದಳು. ಬೆಳ್ಳಿ ಕಾಗದ ಒಂದು ಕಡೆ, ಪ್ಲಾಸ್ಟಿಕ್ ಚಮಚ ಒಂದು ಕಡೆ, ಉಳಿದ ಅನ್ನ ಬಟ್ಟಲಲ್ಲಿ. ತನ್ನದು ಮುಗಿದ ಮೇಲೆ ನನ್ನದು, ಆಮೇಲೆ ಕಿಟಕಿಯ ಪಕ್ಕ ನಿದ್ದೆ ಮಾಡುತ್ತಿದ್ದ ಯಾರೋ ಮಹನೀಯರದು. ಗಗನಸಖಿ ಬಂದವಳೇ ಮೂರೂ ತಟ್ಟೆಗಳನ್ನು ಎತ್ತಿ ಒಂದೇ ಚೀಲಕ್ಕೆ ಸುರಿದಳು.

ಸಾವಿತ್ರಿ ಅವಳ ಬೆನ್ನನ್ನೇ ನೋಡುತ್ತಾ ಕುಳಿತಳು.

‘ಇವ್ರೂರಲ್ಲೂ ಒಂದ್ ಘಟಕ ಅದೆ ಅಂತ ಕಾಣ್ತದೆ ಸಿಸ್ಟ್ರಮ್ಮ,’ ಎಂದಳು. ‘ಅಲ್ಲೂ ಒಬ್ಳು ಕೂತ್ಕಂಡು ಬಿಡಿಸ್ತಾಳೆ.’

ಸೋಲ್, ಮೊದಲ ದಿನ

ನಮ್ಮನ್ನು ಕರೆದೊಯ್ಯಲು ಬಂದ ಹುಡುಗಿಯ ಹೆಸರು ಮಿನ್‌ಜಿ. ಕೊರಿಯನ್ ಮಾತನ್ನು ನನಗೆ ಇಂಗ್ಲಿಷಿಗೆ ತಿರುಗಿಸುವುದು ಅವಳ ಕೆಲಸ. ಅದನ್ನು ಸಾವಿತ್ರಿಗೆ ಕನ್ನಡದಲ್ಲಿ ಹೇಳುವುದು ನನ್ನದು. ಹೀಗಾಗಿ ನಮ್ಮ ಪ್ರತಿ ಪ್ರಶ್ನೆಯೂ ಎರಡು ಕೈ ದಾಟಿ ಹೋಗಿ ಎರಡು ಕೈ ದಾಟಿ ಬರುತ್ತಿತ್ತು.

ಬೀದಿಯಲ್ಲಿ ಮಿನ್‌ಜಿ ಕೊಟ್ಟ ಕಿತ್ತಳೆ ತಿಂದೆವು. ಸಿಪ್ಪೆ ಹಾಕಲು ಡಬ್ಬಿ ಹುಡುಕಿದೆ. ಇರಲಿಲ್ಲ. ಮುಂದಿನ ತಿರುವಿನಲ್ಲೂ ಇರಲಿಲ್ಲ. ಸಿಪ್ಪೆಯನ್ನು ಕರವಸ್ತ್ರದಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಒಂದು ಅರಮನೆ, ಒಂದು ಮಾರುಕಟ್ಟೆ ನೋಡಿ ಬಂದೆ. ನಮ್ಮಲ್ಲಿ ಡಬ್ಬಿ ಇರುತ್ತದೆ, ಕಸ ಅದರ ಸುತ್ತ ಇರುತ್ತದೆ. ಇಲ್ಲಿ ಎರಡೂ ಕಾಣಲಿಲ್ಲ. ಅವರವರ ಕಸ ಅವರವರ ಮನೆಗೆ ಎಂಬುದು ಲೆಕ್ಕ ಎಂದಳು ಮಿನ್‌ಜಿ.

ಹೊಗಳಿಕೆಯನ್ನು ಇಲ್ಲಿಗೇ ನಿಲ್ಲಿಸಿದರೆ ಸುಳ್ಳಾದೀತು. ಸಂಜೆ ಹೋಟೆಲುಗಳ ಹಿಂದಿನ ಓಣಿಯಲ್ಲಿ ನಡೆದಾಗ ಲೈಟು ಕಂಬಗಳ ಬುಡದಲ್ಲಿ ಚೀಲಗಳ ರಾಶಿ ಇತ್ತು, ಸಿಗರೇಟಿನ ತುಂಡುಗಳಿದ್ದವು. ಸಾವಿತ್ರಿಗೆ ಆ ಓಣಿ ಅರಮನೆಗಿಂತ ಹಿಡಿಸಿತು. ಒಂದು ಚೀಲವನ್ನು ಕಾಲಿನಿಂದ ಮೆಲ್ಲಗೆ ಒತ್ತಿ ನೋಡಿ, ‘ಒಳಗೆ ಬಾಟ್ಲಿ ಬೆರ್ಸವ್ರೆ,’ ಎಂದು ತೃಪ್ತಿಯಿಂದ ಹೇಳಿದಳು.

ಮಾತನಾಡುವ ತೊಟ್ಟಿ, ಎರಡನೇ ದಿನ

ನಮ್ಮನ್ನು ಇಳಿಸಿದ್ದು ಒಂದು ವಸತಿ ಸಮುಚ್ಚಯದ ಅತಿಥಿ ಮನೆಯಲ್ಲಿ. ಕೆಳಗೆ ಕಾವಲಿಗೆ ಒಬ್ಬ ಮುದುಕರಿದ್ದರು. ಎಪ್ಪತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ನೀಲಿ ಅಂಗಿ, ಟೋಪಿ, ಕೈಯಲ್ಲಿ ಉದ್ದನೆಯ ಇಕ್ಕಳ. ಆರು ಗಂಟೆಗೆ ನಾನು ಕೆಳಗಿಳಿದಾಗ ಅವರು ಆಗಲೇ ಅಂಗಳ ಗುಡಿಸಿ ಮುಗಿಸಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ನೋಡಿ ತಲೆಬಾಗಿಸಿದೆವು. ಒಂದೇ ವೃತ್ತಿಯವರು ಗುರುತು ಹಿಡಿದ ಹಾಗಾಯಿತು.

ಅಂದು ವಾರದ ಒಣ ಕಸದ ದಿನ. ಮನೆಗಳವರು ಲಿಫ್ಟಿನಿಂದ ಇಳಿದು ಬಂದು ಬಾಟಲಿ, ಗಾಜು, ಡಬ್ಬ, ಕಾಗದಗಳನ್ನು ಬೇರೆ ಬೇರೆ ಚೀಲಗಳಿಗೆ ತಾವೇ ಹಾಕುತ್ತಿದ್ದರು. ಬಾಟಲಿಯ ಮೇಲಿನ ಹೆಸರಿನ ಪಟ್ಟಿಯನ್ನೂ ಕಿತ್ತಿರಬೇಕು. ಸೂಟು ಹಾಕಿದ ಒಬ್ಬ ಯುವಕ ಕೀಳದೆ ಹಾಕಿದ. ಮುದುಕರು ಇಕ್ಕಳದಿಂದ ಆ ಬಾಟಲಿಯನ್ನು ಹೊರಗೆ ತೆಗೆದು ಅವನ ಮುಂದೆ ಹಿಡಿದರು. ಅವನು ಕಿತ್ತ.

‘ನಮ್ಮೂರಲ್ಲಿ ಇಂಗ್ ಇಡಿದ್ರೆ ಬಾಟ್ಲಿ ನನ್ ತಲೆ ಮೇಲೆ ಬತ್ತದೆ,’ ಎಂದಳು ಸಾವಿತ್ರಿ. ಆದರೂ ಸುಮ್ಮನೆ ನಿಲ್ಲಲಾರದೆ ಅವಳೂ ಪಟ್ಟಿ ಕೀಳತೊಡಗಿದಳು. ಅವಳ ಕೈವೇಗ ಕಂಡು ಮುದುಕರು ತಮ್ಮ ಜೇಬಿನಿಂದ ಒಂದು ಜೊತೆ ಕೈಗವಸು ತೆಗೆದು ಕೊಟ್ಟರು.

ಮೂಲೆಯಲ್ಲಿ ಅಡುಗೆ ಕಸದ ತೊಟ್ಟಿ ಇತ್ತು. ಕಾರ್ಡು ತೋರಿಸಿದರೆ ಮುಚ್ಚಳ ತೆರೆಯುತ್ತದೆ, ಹಾಕಿದ್ದನ್ನು ತೂಗುತ್ತದೆ, ಹೆಣ್ಣಿನ ದನಿಯಲ್ಲಿ ಏನೋ ಹೇಳುತ್ತದೆ. ಸಾವಿತ್ರಿ ಬೆಳಿಗ್ಗೆ ಬೇಯಿಸಿದ್ದ ಮೊಟ್ಟೆಗಳ ಸಿಪ್ಪೆಯನ್ನು ಹಿಡಿದುಕೊಂಡು ಹೋದಳು. ಮುದುಕರು ಅಡ್ಡ ಬಂದರು. ಮೊಟ್ಟೆಯ ಸಿಪ್ಪೆ ಬೇಡವಂತೆ. ಈರುಳ್ಳಿ ಸಿಪ್ಪೆಯೂ ಬೇಡ. ಯಾಕೆಂದು ಮಿನ್‌ಜಿಯ ಮೂಲಕ ಕೇಳಿದೆ. ಮುದುಕರು ಎರಡು ಕೈಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಹಂದಿಯಂತೆ ಗುಟುರು ಹಾಕಿದರು. ಪ್ರಾಣಿಗೆ ತಿನ್ನಲು ಬರುವುದು ಮಾತ್ರ ಅಡುಗೆ ಕಸ. ಬಾರದ್ದು ಬೇರೆ ಚೀಲಕ್ಕೆ.

‘ಮೂಳೆ?’ ಎಂದಳು ಸಾವಿತ್ರಿ. ಕನ್ನಡದಲ್ಲೇ ಕೇಳಿ ತನ್ನ ಮೊಣಕೈಯ ಮೂಳೆ ಮುಟ್ಟಿ ತೋರಿಸಿದಳು.

ಮುದುಕರು ತಲೆಯಾಡಿಸಿದರು. ಮೂಳೆಯೂ ಅಡುಗೆ ಕಸವಲ್ಲ. ಅದು ಸುಡುವ ಕಸ. ಮೂಳೆಯನ್ನು ಗೊಬ್ಬರದ ತೊಟ್ಟಿಯ ಪಕ್ಕ ಗುಡ್ಡೆ ಹಾಕುವ ಕ್ರಮ ನಮ್ಮ ವೇಳಾಪಟ್ಟಿಯಲ್ಲಿ ನಾನೇ ಬರೆದದ್ದು. ಆ ಸಾಲನ್ನು ಮನಸ್ಸಿನಲ್ಲೇ ಹೊಡೆದು ಹಾಕಿದೆ.

ಬೆಂಕಿಯ ಮನೆ, ನಾಲ್ಕನೇ ದಿನ

ಸುಡುವ ಕಸ ಎಲ್ಲಿಗೆ ಹೋಗುತ್ತದೆ ಎಂದು ತೋರಿಸಲು ಕರೆದೊಯ್ದರು. ಹೊರಗಿನಿಂದ ಅದು ಆಸ್ಪತ್ರೆಯಂತಿತ್ತು. ಹೊಳೆಯುವ ನೆಲ, ಗೋಡೆಗೆ ಚಿತ್ರ, ಚಪ್ಪಲಿಗೆ ಹೊದಿಕೆ. ಮೇಲಿನ ಮಹಡಿಯ ಗಾಜಿನಿಂದ ಕೆಳಗೆ ನೋಡಿದರೆ ಕೆರೆಯಷ್ಟು ಅಗಲದ ಗುಂಡಿ, ಅದರ ತುಂಬ ಚೀಲಗಳು. ಮೇಲಿನಿಂದ ಕಬ್ಬಿಣದ ಪಂಜವೊಂದು ಇಳಿದು ಒಂದು ಲಾರಿಯಷ್ಟು ಕಸವನ್ನು ಒಮ್ಮೆಗೇ ಬಾಚಿ ಎತ್ತಿತು.

ಸಾವಿತ್ರಿ ಗಾಜಿಗೆ ಹಣೆ ಒತ್ತಿ ನೋಡಿದಳು. ‘ಇದ್ರಲ್ಲಿ ನಮ್ಮೂರು ಪೂರ್ತಾ ಇಡೀತದೆ ಸಿಸ್ಟ್ರಮ್ಮ. ಪಂಚಾಯ್ತಿ ಸಮೇತ.’

ಅಧಿಕಾರಿ ಪರದೆಯ ಮೇಲೆ ಗೆರೆಗಳನ್ನು ತೋರಿಸಿದರು. ಶಾಖ, ಹೊಗೆ, ಸೋಸುವ ಬಲೆ, ಆ ಬೆಂಕಿಯಿಂದ ಮನೆಗಳಿಗೆ ಬಿಸಿನೀರು. ಪ್ರಶ್ನೆಗಳಿವೆಯೇ ಎಂದರು. ಸಾವಿತ್ರಿ ಕೈ ಎತ್ತಿ ತನ್ನ ಪ್ರಶ್ನೆ ಕೇಳಿದಳು. ಬಾಡೂಟದ ಮೂಳೆಯನ್ನು ಇಂಥ ಬೆಂಕಿ ಇಲ್ಲದ ಊರಿನವರು ಏನು ಮಾಡಬೇಕು?

ಮಿನ್‌ಜಿ ತಿರುಗಿಸಿ ಹೇಳಿದಳು. ಅಧಿಕಾರಿ ಒಳ್ಳೆಯ ಮನುಷ್ಯ. ಗೊತ್ತಿಲ್ಲದ್ದನ್ನು ಗೊತ್ತೆಂದು ಹೇಳಲಿಲ್ಲ. ‘ನಮ್ಮಲ್ಲಿ ಬೆಂಕಿ ಇದೆ,’ ಎಂದಷ್ಟೇ ಹೇಳಿದರು.

ಮಧ್ಯಾಹ್ನ ಒಂದು ಗುಡ್ಡಕ್ಕೆ ಹತ್ತಿಸಿದರು. ಮೇಲೆಲ್ಲ ಆಳೆತ್ತರದ ಹುಲ್ಲು, ಬೆಳ್ಳಗೆ ತೆನೆ ಬಿಟ್ಟು ಗಾಳಿಗೆ ಬಾಗುತ್ತಿತ್ತು. ನಮ್ಮ ಕಡೆ ಕಟಾವಿಗೆ ತಡವಾಗಿ ಕಬ್ಬು ಹೂಬಿಟ್ಟರೆ ಗದ್ದೆ ಹೀಗೇ ಕಾಣುತ್ತದೆ. ನೋಡುವವರಿಗೆ ಚಂದ, ರೈತನಿಗೆ ಸಂಕಟ. ಇಲ್ಲಿ ಜೋಡಿಗಳು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಈ ಇಡೀ ಗುಡ್ಡ ಹಿಂದೆ ನಗರದ ಕಸ ಸುರಿದ ರಾಶಿ ಎಂದಳು ಮಿನ್‌ಜಿ. ವಾಸನೆಯಲ್ಲಿ ಬದುಕಿದ ಜನ ಇಲ್ಲೂ ಇದ್ದರಂತೆ, ಆರಿಸಿ ತಿಂದವರೂ ಇದ್ದರಂತೆ. ಇವರು ಹುಟ್ಟಿನಿಂದ ಶುಚಿಯವರು ಎಂದು ನಾನು ತಿಳಿದಿದ್ದೆ. ಅಲ್ಲ. ಇವರೂ ಬೇಸತ್ತು ಕಲಿತವರು.

ಸಾವಿತ್ರಿ ಅಷ್ಟರಲ್ಲಿ ಹುಲ್ಲಿನ ನಡುವೆ ಕುಳಿತುಬಿಟ್ಟಿದ್ದಳು.

‘ನಾಲ್ಕ್ ದಿನ ಆಯ್ತು ಸಿಸ್ಟ್ರಮ್ಮ. ಬೆಂಕಿ ಅದೆ ಅಂತಾರೆ. ಬೆಂಕಿ ತಗಂಡೋಗಕ್ ಆಯ್ತದಾ?’

ನೀರು ಕುಡಿ ಎಂದೆ.

ಕೋಳಿ ಸಾರಿನ ಅಂಗಡಿ, ಆರನೇ ದಿನ

ಆರನೇ ದಿನ ಹಳ್ಳಿಗಾಡು. ಬೆಟ್ಟದ ಸಾಲು, ಕುಯ್ದ ಭತ್ತದ ಗದ್ದೆ, ಅಂಗಳದಲ್ಲಿ ಒಣಗಲು ಹರಡಿದ ಮೆಣಸಿನಕಾಯಿ. ಊರ ಬಾಗಿಲಲ್ಲಿ ಹೊಲಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಗಳನ್ನು ಮಣ್ಣು ಕೊಡವಿ ಸುತ್ತಿ ಇಡುವ ಜಾಗವಿತ್ತು. ಅಲ್ಲಿನ ಮುದುಕಿಯರು ನಮ್ಮ ಸೀರೆಯ ಅಂಚು ಮುಟ್ಟಿ ನೋಡಿದರು, ಸಾವಿತ್ರಿ ಅವರ ಹೂವಿನ ಷರಾಯಿಗಳನ್ನು ನೋಡಿದಳು. ಭಾಷೆಯಿಲ್ಲದೆ ಅರ್ಧ ಗಂಟೆ ಕಳೆಯಿತು.

ಊಟಕ್ಕೆ ಪಕ್ಕದ ಸಣ್ಣ ಪಟ್ಟಣದ ಒಂದು ಅಂಗಡಿ. ಅಲ್ಲಿ ಮಾಡುವುದು ಒಂದೇ ಅಡುಗೆ. ಹೊಟ್ಟೆಯೊಳಗೆ ಅಕ್ಕಿ ತುಂಬಿದ ಇಡೀ ಪುಟ್ಟ ಕೋಳಿ, ಕುದಿಯುವ ಸಾರಿನಲ್ಲಿ, ಕರಿ ಮಣ್ಣಿನ ಗಡಿಗೆಯಲ್ಲಿ. ಖಾರವಿಲ್ಲ. ಸಾವಿತ್ರಿ ಚೀಲದಿಂದ ಚಟ್ನಿಪುಡಿ ತೆಗೆದಳು. ಆಮೇಲೆ ಇಬ್ಬರೂ ಕಡ್ಡಿಗಳನ್ನು ಬದಿಗಿಟ್ಟು ಕೈಯಿಂದಲೇ ಉಂಡೆವು.

ಮೇಜಿನ ನಡುವೆ ಮುಚ್ಚಳವಿದ್ದ ಒಂದು ಸ್ಟೀಲ್ ಡಬ್ಬಿ ಇತ್ತು. ಊಟ ಮುಗಿದಾಗ ಕೈಯೆಲ್ಲ ಜಿಡ್ಡು. ಕೈ ತೊಳೆಯುವ ಜಾಗ ಎಲ್ಲೂ ಕಾಣಲಿಲ್ಲ. ನಮ್ಮ ಕಡೆ ಮನೆಗೆ ಹಿರಿಯರು ಬಂದರೆ ಕೂತಲ್ಲಿಗೇ ಬೋಗುಣಿ ತಂದು ಕೈ ತೊಳೆಸುತ್ತಾರಲ್ಲ, ಇವರ ಮರ್ಯಾದೆ ಎಷ್ಟು ದೊಡ್ಡದು, ಮೊದಲೇ ತಂದಿಟ್ಟಿದ್ದಾರೆ ಎಂದುಕೊಂಡೆ. ಮುಚ್ಚಳ ತೆಗೆದೆ. ಖಾಲಿ ಇತ್ತು. ಲೋಟದ ನೀರು ಹಿಡಿದು, ಮೊಣಕೈವರೆಗೆ ಸ್ವೆಟರಿನ ತೋಳು ಸರಿಸಿ, ವಾರ್ಡಿನ ಕ್ರಮದಲ್ಲಿ ಬೆರಳ ಸಂದಿಗಳನ್ನೂ ಬಿಡದೆ ಅದರೊಳಗೆ ಕೈ ತೊಳೆದೆ. ಸಾವಿತ್ರಿಗೂ ತೊಳೆಸಿದೆ.

ಒಡತಿ ಅಡುಗೆಮನೆಯಿಂದ ಓಡಿ ಬಂದರು. ಮಿನ್‌ಜಿ ಎರಡು ಕೈಯಲ್ಲೂ ಬಾಯಿ ಮುಚ್ಚಿಕೊಂಡಿದ್ದಳು. ನಗು ತಡೆದು ಅವಳು ಹೇಳಿದ್ದಿಷ್ಟು: ಇದು ಕೈ ತೊಳೆಯುವುದಲ್ಲ. ಇದು ಮೂಳೆಯ ಡಬ್ಬಿ. ತಿನ್ನುವವರು ಮೂಳೆಯನ್ನು ಇದರೊಳಗೆ ಹಾಕುತ್ತಾರೆ. ಎಲ್ಲ ಮೇಜಿನ ಮೇಲೂ ಇರುತ್ತದೆ.

ತಿರುಗಿ ನೋಡಿದೆ. ಪಕ್ಕದ ಮೇಜಿನಲ್ಲಿ ಒಂದು ಸಂಸಾರ. ಅಜ್ಜ, ಸೊಸೆ, ಇಬ್ಬರು ಮಕ್ಕಳು. ಅಜ್ಜ ಬಾಯಿಂದ ಮೂಳೆ ತೆಗೆದು ಡಬ್ಬಿಗೆ ಹಾಕಿದರು. ಅದೇ ಡಬ್ಬಿಗೆ ಸೊಸೆ ಹಾಕಿದಳು. ಯಾರಿಗೂ ಅದು ದೊಡ್ಡ ಸಂಗತಿಯಾಗಿರಲಿಲ್ಲ. ಅವರ ಗಡಿಗೆಗಳಲ್ಲಿ ಸಾರು ಬಿಟ್ಟರೆ ಏನೂ ಉಳಿದಿರಲಿಲ್ಲ.

ನಾನು ನಾಚಿಕೆಯಿಂದ ಒಡತಿಯ ಕ್ಷಮೆ ಕೇಳುತ್ತಿದ್ದೆ. ಸಾವಿತ್ರಿ ಮಾತ್ರ ಅಲ್ಲಾಡದೆ ಪಕ್ಕದ ಮೇಜಿನ ಡಬ್ಬಿಯನ್ನೇ ನೋಡುತ್ತಿದ್ದಳು.

‘ಸಿಸ್ಟ್ರಮ್ಮ,’ ಎಂದಳು, ‘ಈಟೇನಾ?’

ಬಸ್ಸಿನಲ್ಲಿ

ವಾಪಸ್ ಬರುವ ಬಸ್ಸಿನಲ್ಲಿ ಅವಳು ಲೆಕ್ಕ ಒಪ್ಪಿಸಿದಳು. ಮೂಳೆ ಊಟದ ಜಾಗದಲ್ಲೇ ಬೇರೆಯಾದರೆ, ಘಟಕಕ್ಕೆ ಬಂದ ದಿನವೇ ಗುಂಡಿಗೆ ಹಾಕಿ ಸುಣ್ಣ ಬೆರೆಸಿ ಮಣ್ಣು ಮುಚ್ಚಬಹುದು. ಎಲೆ ನೇರವಾಗಿ ಗೊಬ್ಬರಕ್ಕೆ. ಎರಡು ದಿನ ಕಾಯುವ ಮಾತಿಲ್ಲ. ವಾಸನೆ ಏಳುವುದು ಆ ಎರಡು ದಿನದಲ್ಲೇ.

‘ಸರಿ, ಆದರೆ ನಮ್ಮವರು ಮೂಳೆ ಡಬ್ಬಿ ಮುಂದಿಟ್ಟುಕೊಂಡು ಉಣ್ಣುತ್ತಾರೆಯೇ?’ ಎಂದೆ. ‘ಎಂಜಲು ಎನ್ನುತ್ತಾರೆ. ಎಲೆ ಮಡಚುವುದೇ ಎಂಜಲು ಕಾಣಬಾರದು ಎಂದಲ್ಲವೇ?’

‘ಯಾರ್ಗೆ ಕಾಣ್ಬಾರ್ದು?’

ನನ್ನ ಉತ್ತರಕ್ಕೆ ಕಾಯದೆ ಅವಳೇ ಮುಂದುವರಿಸಿದಳು.

‘ಉಂಡೋರ್ಗೆ ಕಾಣ್ಬಾರ್ದು, ಸರಿ. ನಾನ್ ನೋಡಲ್ವಾ? ಒಂದೊಂದ್ ಎಲೇನೂ ಬಿಡಿಸೋಳು ನಾನು. ಯಾರು ಚೀಪವ್ರೆ, ಯಾರು ಉಗ್ದವ್ರೆ, ಎಲ್ಲಾ ಗೊತ್ತಾಯ್ತದೆ. ಮಾರ್ನೇ ದಿನಕ್ಕೆ ಉಳ ಬಿದ್ದಿರ್ತವೆ. ನಿಮ್ ಪಟ್ಟೀಲಿ ಏನ್ ಬರ್ದಿದ್ದೀರಿ, ಗೊತ್ತಾ? ಎಲೆ ಬಿಡಿಸುವುದು, ಮುಕ್ಕಾಲು ಗಂಟೆ. ಬರ್ದೋರು ಒಂದಿನಾನೂ ಬಿಡಿಸಿಲ್ಲ ಅಂತ ನಾವು ಮೂರ್ ಜನಾನೂ ನಗಾಡ್ಕತಿದ್ವಿ. ಬೇಜಾರ್ ಮಾಡ್ಕಬೇಡಿ.’

ಬೇಜಾರಾಗಲಿಲ್ಲ ಎಂದು ಬರೆದರೆ ಸುಳ್ಳು. ವೃತ್ತಿಯಲ್ಲಿದ್ದಷ್ಟು ವರ್ಷವೂ ನನ್ನ ವೇಳಾಪಟ್ಟಿಯನ್ನು ಯಾರೂ ಪ್ರಶ್ನಿಸಿರಲಿಲ್ಲ. ಆದರೆ ವಾರ್ಡಿನಲ್ಲಿ ಒಂದು ನಿಯಮವಿತ್ತು. ಸೂಜಿ ಬಳಸಿದವಳೇ ಅದನ್ನು ಡಬ್ಬಿಗೆ ಹಾಕಬೇಕು, ಆಯಾಳ ಕೈಗೆ ಬಿಡಬಾರದು. ಆ ನಿಯಮ ಮುರಿದವರನ್ನು ನಾನು ಸಾಲಿನಲ್ಲಿ ನಿಲ್ಲಿಸಿ ಬೈದಿದ್ದೇನೆ. ಅದನ್ನು ಊರ ಪಂಕ್ತಿಗೆ ಅನ್ವಯಿಸಬಹುದೆಂದು ಹೊಳೆಯಲೇ ಇಲ್ಲ.

ಇನ್ನೂ ಒಂದು ನೆನಪಾಯಿತು. ನನ್ನ ಜೊತೆ ಕೆಲಸ ಮಾಡಿದ ಮೆಹರುನ್ನೀಸಾಳ ಮನೆ ಮಳವಳ್ಳಿಯಲ್ಲಿ. ಅವಳ ಮನೆಯ ಮದುವೆಗಳಲ್ಲಿ ಬಿರಿಯಾನಿಯ ಜೊತೆ ಮೂಳೆಗೆಂದೇ ಒಂದು ಖಾಲಿ ತಟ್ಟೆ ಇಡುತ್ತಿದ್ದರು. ಎಷ್ಟು ಸಲ ಅದಕ್ಕೆ ನಾನೇ ಮೂಳೆ ಹಾಕಿದ್ದೇನೆ. ಅರ್ಧ ಗಂಟೆಯ ಬಸ್ಸಿನ ದಾರಿಯಲ್ಲಿದ್ದದ್ದನ್ನು ಕಾಣಲು ಸಮುದ್ರ ದಾಟಬೇಕಾಯಿತು. ಸಾವಿತ್ರಿಗೆ ಹೇಳಿದೆ.

‘ಅದ್ನ ಮೊದ್ಲೇ ಯೋಳಿದ್ರೆ ವಿಮಾನ ತಪ್ಪೋಗ್ತಿತ್ತು ಬುಡಿ,’ ಎಂದಳು.

ಮತ್ತೆ ಊರು

ಗ್ರಾಮಸಭೆಯಲ್ಲಿ ಬೋರೇಗೌಡರೇ ಮೊದಲು ಕೇಳಿದರು. ‘ಏನ್ ತಂದವ್ವ ಕೊರಿಯಾದಿಂದ? ಮಿಷಿನ್ನಾ?’

‘ಬಕೀಟು,’ ಎಂದಳು ಸಾವಿತ್ರಿ.

ಸಭೆ ನಕ್ಕಿತು. ‘ಬಕೀಟು ನಮ್ಮನೇಲೂ ಅವೆ ಕಣವ್ವ.’

‘ಅವೆ ಗೌಡ್ರೆ. ಪಂಕ್ತಿಗ್ ಬಂದಿಲ್ಲ ಅಷ್ಟೇಯ.’

ಅವಳು ವಿವರಿಸಿದಳು. ಹಿಂದಿನ ಸಾಲಿನಿಂದ ಒಬ್ಬರು ಎದ್ದರು. ‘ಬೀಗ್ರು ಮುಂದೆ ಎಂಜ್ಲು ಬಕೀಟು ಮಡ್ಗದಾ? ಮರ್ವಾದೆ ಏನಾಯ್ತದೆ?’

‘ಮಡ್ಚಿದ್ ಎಲೆ ಒಳಗೆ ಮರ್ವಾದೆ ಅದೆ ಅನ್ಕಂಡಿದ್ದೀರಿ. ಬಿಡಿಸೋಳು ನಾನು. ಒಳಗೇನದೆ ಅಂತ ನಂಗೊತ್ತು,’ ಎಂದಳು ಸಾವಿತ್ರಿ. ‘ಇವತ್ನಿಂದ ಮಡ್ಚಿದ್ ಎಲೆ ನಾನ್ ಬಿಡಿಸಾಕಿಲ್ಲ. ಮುಚ್ಚದಾದ್ರೆ ಮುಚ್ಚಿ.’

ತನ್ನ ಕೆಲಸವನ್ನೇ ಪಣಕ್ಕಿಟ್ಟ ಮಾತು. ತೀರ್ಮಾನವನ್ನು ಒಂದು ತಿಂಗಳು ಮುಂದೂಡಿದರು. ಆ ತಿಂಗಳಲ್ಲಿ ಊರಿನಲ್ಲಿದ್ದ ದೊಡ್ಡ ಊಟ ಒಂದೇ. ಬೋರೇಗೌಡರ ಮೊಮ್ಮಗಳ ಬೀಗರೂಟ.

ನಾನು ಗೌಡರನ್ನು ಕೇಳಿ ಸ್ಟೀಲ್ ಬಕೆಟ್ಟುಗಳನ್ನು ತರಿಸಿ ಮೇಜಿಗೊಂದರಂತೆ ಇಡಿಸಿದೆ. ಮೊದಲ ಪಂಕ್ತಿ ಕೂತಿತು. ಒಬ್ಬರು ಬಕೆಟ್ಟನ್ನು ಕೆಳಗಿಳಿಸಿದರು. ಒಬ್ಬರು ಸಾರು ಇದೆಯೆಂದು ತಿಳಿದು ಬಡಿಸಿ ಎಂದರು. ಉಂಡರು, ಎಲೆ ಮಡಚಿದರು, ಎದ್ದರು. ಬಕೆಟ್ಟುಗಳು ಖಾಲಿ. ಎಲೆಯ ರಾಶಿ ಹಿತ್ತಲಿಗೆ ಬಂತು. ಸಾವಿತ್ರಿ ಕೈಕಟ್ಟಿ ನಿಂತಿದ್ದಳು. ಮುಟ್ಟಲಿಲ್ಲ.

ಯಾರಾದರೂ ಬಿಡಿಸಲೇಬೇಕಿತ್ತು. ಸೆರಗು ಸಿಕ್ಕಿಸಿ, ಕೈಗವಸು ಹಾಕಿ, ರಾಶಿಯ ಮುಂದೆ ನಾನು ಕುಳಿತೆ. ಮೊದಲ ಎಲೆ ಬಿಡಿಸಿದಾಗ ಸಾರು ಸೀರೆಗೆ ಹರಿಯಿತು.

‘ಈ ಕಡೆಯಿಂದ ಬಿಡಿಸ್ಬೇಡಿ. ಆ ತುದಿ ಇಡ್ಕಳ್ಳಿ,’ ಎಂದಳು ಸಾವಿತ್ರಿ. ಅಷ್ಟು ಹೇಳಿದಳೇ ಹೊರತು ಬಗ್ಗಲಿಲ್ಲ.

ಮಡಚಿದ ಎಲೆಯ ಒಳಗು ಬೆಚ್ಚಗಿರುತ್ತದೆ. ಇದು ನನಗೆ ಗೊತ್ತಿರಲಿಲ್ಲ. ಚೀಪಿದ ಮೂಳೆ, ಉಗಿದ ಕೊಬ್ಬು, ಐಸ್‌ಕ್ರೀಮು ಸೇರಿದ ಮುದ್ದೆ, ಅದರೊಳಗಿನಿಂದ ಲೋಟ ಕೀಳಬೇಕು. ಆಸ್ಪತ್ರೆಯಲ್ಲಿ ಇದಕ್ಕಿಂತ ಹೇಸಿಗೆಯನ್ನು ತೊಳೆದಿದ್ದೇನೆ. ಆದರೆ ಅದು ರೋಗಿಗಳದು, ಕೈಲಾಗದವರದು. ಇದು ನಕ್ಕು ಎದ್ದು ಹೋದವರದು.

ಯಾರೋ ಹೇಳಿರಬೇಕು, ಬೋರೇಗೌಡರು ಹಿತ್ತಲಿಗೆ ಬಂದರು. ‘ಏನ್ ಸಿಸ್ಟ್ರಮ್ಮ ಇದು. ಏಳಿ. ನಮ್ಮನೆ ಮಕ್ಳಿಗೆಲ್ಲಾ ಸೂಜಿ ಆಕ್ದ ಕೈ ಅದು.’

‘ನಾಲ್ಕು ವರ್ಷದಿಂದ ಈ ಕೆಲಸ ನಡೆಯುತ್ತಿದೆ ಗೌಡರೆ. ಯಾರೂ ಬಂದು ಏಳಿ ಎಂದಿರಲಿಲ್ಲ. ನಾನೂ ಎಂದಿರಲಿಲ್ಲ.’

ಅವರು ಸಾವಿತ್ರಿಯ ಕಡೆ ನೋಡಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಗೌಡರು ಹೆಗಲ ಟವಲ್ಲನ್ನು ಸರಿಮಾಡಿಕೊಂಡು ಒಳಗೆ ಹೋದರು. ಎರಡನೇ ಪಂಕ್ತಿ ಅರ್ಧಕ್ಕೆ ಬಂದಾಗ ಅವರ ದನಿ ಕೇಳಿಸಿತು.

‘ಮೂಳೆ ಬಕೀಟಿಗೆ ಆಕ್ರಪ್ಪ. ಎಲೆ ಮಡ್ಚ್‌ಬೇಡಿ.’

‘ಯಾಕ್ ಮಾವ, ಲೆಕ್ಕ ಇಡ್ತೀಯಾ?’

‘ಯೋಳ್ದಷ್ಟು ಮಾಡ್ಲಾ.’

ಎಲ್ಲರೂ ಹಾಕಲಿಲ್ಲ. ಹಾಕಿದವರೇ ಹೆಚ್ಚು. ಬಿಚ್ಚಿದ ಎಲೆಗಳನ್ನು ಸಾವಿತ್ರಿ ತಾನೇ ಬಂದು ಎತ್ತಿದಳು. ಕತ್ತಲಾಗುವ ಮೊದಲೇ ಮೂಳೆ ಗುಂಡಿ ಸೇರಿ, ಸುಣ್ಣ ಬಿದ್ದು, ಮಣ್ಣು ಮುಚ್ಚಿತು.

ಅರ್ಜಿ ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಗೌಡರನ್ನು ಕೇಳಿದೆ. ‘ಎಂಟ್ ದಿನ ವಾಸ್ನೆ ನೋಡ್ತೀನಿ,’ ಎಂದರು. ಎಂಟು ದಿನವೂ ಅವರು ಬೆಳಿಗ್ಗೆ ಏರಿಯ ಮೇಲೆ ಬಂದು ನಿಂತು, ಮೂಗೆತ್ತಿ ಗಾಳಿ ಮೂಸಿ, ವಾಪಸ್ ಹೋದರು.

ಮುಂದಿನ ಗ್ರಾಮಸಭೆಯಲ್ಲಿ ಕಾರ್ಯದರ್ಶಿ ಅರ್ಜಿಯನ್ನು ಓದಿ ಅರ್ಜಿದಾರರು ಎಲ್ಲಿ ಎಂದು ಕೇಳಿದರು. ಮತ್ತೊಮ್ಮೆ ಕೇಳಿದರು.

‘ಬೆಳಿಗ್ಗೆನೇ ಕುರಿ ಒಡ್ಕಂಡ್ ಓದ್ರು,’ ಎಂದಿತು ಒಂದು ದನಿ.

ಕಾರ್ಯದರ್ಶಿ ಅರ್ಜಿಯ ಮೇಲೆ ಅಡ್ಡಗೆರೆ ಎಳೆದು, ಹಾಳೆ ಮಗುಚಿ, ಮುಂದಿನ ವಿಷಯ ಬೀದಿ ದೀಪ ಎಂದರು. ಬಾಗಿಲ ಬಳಿ ನಿಂತಿದ್ದ ಸಾವಿತ್ರಿ ನನ್ನ ಹತ್ತಿರ ಬಗ್ಗಿದಳು.

‘ನಾನ್ ಓಯ್ತೀನಿ ಸಿಸ್ಟ್ರಮ್ಮ. ಎರಡ್ನೇ ಬೀದಿ ಬಾಕಿ ಅದೆ.’